ಋತುಜಾಳ ಎರಡು ಫೋನು

ನವೆಂಬರ್ ೧೪, ಶುಕ್ರವಾರ

ಬೆಳಗ ಯಾವಾಗ ಆದೀತೋ ಅಂತ ಒದ್ದಾಡಾಕತ್ತೇನಿ.

ಮಾಳಮಡ್ಡಿ ಓಣಿಯ ಮಂದಾಕಿನಿಬಾಯಿ ಇವತ್ತ ನನ್ನ ಫೋನ್ ರಿಪೇರಿ ಅಂಗಡಿಗೆ ಎರಡು ಹಳೇ ಫೋನು ತಂದಿದ್ರು. ತೀರಿಹೋದ ಮಗಳು ಋತುಜಾಳ ಟ್ರಂಕಿನ್ಯಾಗ ಸಿಕ್ಕಿದ್ವಂತ. ಆಕಿ ಫೋನ್ ಕಂಪನ್ಯಾಗ ಕ್ಯಾಮೆರಾ ಪರೀಕ್ಷಾ ಮಾಡತಿದ್ಲು.

ಫೋನಿನ ಬೆನ್ನಮ್ಯಾಗ ಕಂಪನಿ ಹೆಸರಿಲ್ಲ, ಸ್ಕ್ರೂ ಹೊರಗ ಕಾಣತಾವ. ಈಗ ಎಲ್ಲಾರ ಕಿಸೆದಾಗ ಇರೋ ಫೋನಿನ ಮೊದಮೊದಲ ಮಾದರಿ ಇವು, ಮಾರಾಟಕ್ಕ ಬರೂ ಮೊದಲ ಪರೀಕ್ಷಾಕ್ಕಂತ ಮಾಡಿದ್ದು! ಇಂಥಾವ ಕೂಡಿಹಾಕಾಕ ಜೀವಾ ಬಿಡೋ ಮಂದಿ ಅದಾರ.

ಒಂದು ಹ್ಯಾಂಗೋ ಚಾಲೂ ಆತು. ಮೊದಲಿನ ನಾಕಾರು ಅಷ್ಟ ತಗದು ನೋಡಿದ್ವಿ, ಬರೇ ಒಂದು ಕೈಯ ಫೋಟೋ. ಬಿಸಲಾಗ, ದೀಪದಾಗ, ಕತ್ತಲ್ಯಾಗ.

"ಅಯ್ಯ, ಇದು ನನ್ನ ಕೈ ರೀ," ಅಂದ್ರು ಬಾಯಿ. "ಅಲುಗಾಡಬ್ಯಾಡ ಅಮ್ಮಾ ಅಂತಿದ್ಲು."

ಇವು ಭಾಳ ಬೆಲಿ ಬಾಳತಾವ, ಆದರ ಕಂಪನೀವು ಅಂದೆ. ಹೇಳೂಮುಂದ ಆಸೆಗೆ ನಾಲಿಗಿ ತಡವರಿಸಿದ್ದು ಖರೇ.

"ಫೋನು ಅವರಿಗೇ ಕಳಸೋಣು. ಫೋಟೋ ಅಷ್ಟ ತಗದುಕೊಡ್ರಿ," ಅಂದ್ರು ಬಾಯಿ.

ಬಾಯಿ ಹೋದಮ್ಯಾಲ ಕೇಬಲ್ ಹಚ್ಚಿ ನೋಡಿದೆ, ಫೋಟೋ ಹೊರಗ ಬರಲಿಲ್ಲ. ಬ್ಯಾಟರಿ ಬ್ಯಾರೆ ಉಬ್ಬಿತ್ತು. ಕಡೀಗೆ ನನ್ನ ಫೋನಿಲೆ ಆ ಸ್ಕ್ರೀನಿಂದ ಒಂದೊಂದ ಫೋಟೋ ಹೊಡಕೊಂಡೆ. ಎಲ್ಲಾ ಮುಗದ ಕೂಡ್ಲೆ ಅದು ಬಂದ್ ಬಿತ್ತು, ಮತ್ತ ಏಳಲಿಲ್ಲ.

ಕಟ್ಟಕಡೀ ಫೋಟೋದಾಗ ಆ ಕೈ ಋತುಜಾಳ ಕಿವಿ ಹಿಂಡಾಕತ್ತೈತಿ. ಹುಡುಗಿ ಹಲ್ಲು ಕಾಣೂಹಂಗ ನಗಾಕತ್ತಾಳ.

ಬಾಯಿ ಇದನ್ನಿನ್ನೂ ನೋಡಿಲ್ಲ.