ಹೆಸರು ಹಿಡಿದು ಅಳುವವರು

ಕುರುಗೋಡು
೧೨ ಡಿಸೆಂಬರ್ ೨೦೨೪

ಚಿರಂಜೀವಿ ರಾಧಾಗೆ ಪಾರಮ್ಮನ ಆಶೀರ್ವಾದ.

ಪತ್ರ ಕಂಡು ಗಾಬರಿಯಾಗಬೇಡ. ಫೋನ್ ಮಾಡಿದರೆ ನಿಮ್ಮವ್ವ ಗುರುಬಸಮ್ಮ ಎತ್ತುವುದಿಲ್ಲ. ಎತ್ತಿದರೂ ಇಬ್ಬರೂ ಉಸಿರು ಕೇಳಿಸಿಕೊಂಡು ಇಟ್ಟುಬಿಡುತ್ತೇವೆ. ಅಂಗನವಾಡಿಯಲ್ಲಿ ಇಷ್ಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ಒಂದು ಪತ್ರ ಬರೆಯಲಾರೆನೇ ಅಂತ ಕೂತೆ. ಎಡಗೈ ಅಕ್ಷರ, ಸೊಟ್ಟಗಿದ್ದರೆ ನಗಬೇಡ. ನಿನ್ನ ದವಡೆ ಹೇಗಿದೆ? ರೊಟ್ಟಿ ಅಗಿಯಲು ಬರುತ್ತದೆಯೇ?

ನನ್ನ ಬಲಗೈ ಮೇಲೇಳುತ್ತಿಲ್ಲ. ಬಳ್ಳಾರಿಯಲ್ಲಿ ಎಕ್ಸ್-ರೇ ತೆಗೆಸಿದೆ, ಎಲುಬು ಗಟ್ಟಿಯಿದೆಯಂತೆ. ಕೊನೆಗೆ ಶ್ರೀಕೃತಿ ಅನ್ನುವ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಮಾತ್ರೆ ಬರೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ನೀವು ಹೇಳಿ ಅಂತ ಸುಮ್ಮನೆ ಕೂರುತ್ತಾರೆ. ಮೊದಮೊದಲು ನನಗೆ ಸಿಟ್ಟೇ ಬಂತು. "ಏನ್ರಿ ಡಾಕ್ಟರವ್ವಾ, ಬಾಯಾಗ ಕಡುಬು ಇಟ್ಕೊಂಡೀರೇನು?" ಅಂತ ಕೇಳಿಯೂಬಿಟ್ಟೆ. ನಕ್ಕರು, ಮತ್ತೆ ನೀವೇ ಹೇಳಿ ಅಂದರು.

ಹೋದ ವಾರ ಮಾತ್ರ, ಆ ಕೈ ಕೊನೆಯದಾಗಿ ಏನು ಮಾಡಿತ್ತು ಅಂತ ಕೇಳಿದರು. "ಗಂಜಿ ಕುಡಿಸಿತ್ರೀ" ಅಂದೆ. ಆಮೇಲೆ ಮೊದಲಿನಿಂದ ಎಲ್ಲ ಹೇಳಿದೆ.

ನಿನಗೆ ಯಾರೂ ಪೂರ್ತಿ ಹೇಳಿರಲಿಕ್ಕಿಲ್ಲ. ನೀನೂ ನನ್ನ ಮಗಳು ದುರುಗಿಯೂ ಬಳ್ಳಾರಿಯ ಕೌಲ್ ಬಜಾರಿನ ಒಂದೇ ಖೋಲಿಯಲ್ಲಿದ್ದು ಜೀನ್ಸ್ ಹೊಲಿಯಲು ಹೋಗುತ್ತಿದ್ದವರು. ಒಬ್ಬಳು ತಡವಾದರೆ ಇನ್ನೊಬ್ಬಳು ಅವಳ ಗುರುತಿನ ಕಾರ್ಡೂ ತೋರಿಸಿ ಹಾಜರಿ ಹಾಕಿಸುವುದು ನಿಮ್ಮ ಕಿತಾಪತಿ. ಅದಲುಬದಲಾದ ಕಾರ್ಡು ತಿರುಗಿ ಬದಲಿಸಿಕೊಳ್ಳಲು ಇಬ್ಬರಿಗೂ ಸೋಮಾರಿತನ. ಹೋದ ಬೇಸಿಗೆಯಲ್ಲಿ ನಿಮ್ಮ ಗಾಡಿ ಲಾರಿಗೆ ಬಡಿದಾಗ ಅವಳ ಕೊರಳಲ್ಲಿ ನಿನ್ನ ಕಾರ್ಡಿತ್ತು, ನಿನ್ನ ಕೊರಳಲ್ಲಿ ಅವಳದು. ಇಬ್ಬರ ಮುಖವೂ ಗುರುತು ಸಿಗುವಂತಿರಲಿಲ್ಲ. ಕಾರ್ಡು ನೋಡಿ ನಿನ್ನನ್ನು ನನಗೆ ತೋರಿಸಿದರು, ನನ್ನ ಮಗಳ ಹೆಣವನ್ನು ನಿಮ್ಮವ್ವನಿಗೆ ಕೊಟ್ಟರು.

ಎರಡು ದಿನ ನಿನಗೆ ಚಮಚದಲ್ಲಿ ಗಂಜಿ ಕುಡಿಸಿದೆ, ದುರುಗೀ ಅಂತ ಕರೆದೆ. ನೀನು ನನ್ನ ಬೆರಳು ಹಿಡಿದುಕೊಳ್ಳುತ್ತಿದ್ದೆ. ಪಾದ ಒರೆಸುವಾಗ ಅದು ನನ್ನ ಮಗಳ ಪಾದವಲ್ಲ ಅಂತ ಈ ಕೈಗೆ ತಿಳಿದಿತ್ತು. ಊತ ಬಂದಿದೆ ಅಂದುಕೊಂಡೆ. ತಿಳಿದಿತ್ತು ಅನ್ನುವುದು ನನಗೇ ಗೊತ್ತಾದದ್ದು ಮೊನ್ನೆ, ಡಾಕ್ಟರ ಮುಂದೆ ಹೇಳಿದ ಮೇಲೆ. ನಿನ್ನ ಕೈ ಬಿಟ್ಟರೆ ಮಗಳು ಸತ್ತಳು ಅನ್ನಬೇಕಿತ್ತಲ್ಲ, ಅದಕ್ಕೇ ಬಿಡಲಿಲ್ಲ.

ಮೂರನೇ ದಿನ ನಿನಗೆ ಮಾತು ಬಂದು ನಿಮ್ಮವ್ವನ ಹೆಸರು ಹೇಳಿದೆ. ಅಷ್ಟರಲ್ಲಿ ನಿಮ್ಮೂರು ಸಿರುಗುಪ್ಪದಲ್ಲಿ ದುರುಗಿಯ ಮಣ್ಣಾಗಿತ್ತು. ನಾನು ಅಲ್ಲಿಗೆ ಓಡಿದರೆ ನಿಮ್ಮವ್ವ ಆಗಲೇ ನಿನ್ನ ಕಡೆ ಆಸ್ಪತ್ರೆಗೆ ಓಡಿದ್ದಳು. ನಿಮ್ಮ ಹಿರಿಯರು, "ಮಣ್ಣೂ ಆಗೈತಿ, ಅತ್ತಿದ್ದೂ ಆಗೈತಿ, ಇನ್ನ ಬಿಡವ್ವ" ಅಂದರು.

ಹೆಣದ ಮುಂದೆ ಹೆಸರು ಹಿಡಿದು, ಗುಣ ಹಾಡಿ ಅಳುವವರು ನಾವು. ಗುರುಬಸಮ್ಮ ಎದೆ ಬಡಿದುಕೊಂಡು ಅತ್ತಳಂತೆ, ರಾಧಾ, ರಾಧಾ ಅಂತ. ಅವಳದೇನೂ ತಪ್ಪಿಲ್ಲ. ಆದರೆ ನನ್ನ ಮಗಳ ಮುಂದೆ ನನ್ನ ಮಗಳ ಹೆಸರು ಹಿಡಿದು ಅತ್ತವರು ಯಾರೂ ಇಲ್ಲ, ತಾಯಿ. ನಾನೂ ಅತ್ತಿಲ್ಲ. ಒಬ್ಬಳೇ ಕೂತು ಶುರು ಮಾಡುತ್ತೇನೆ, ದನಿ ಅರ್ಧಕ್ಕೇ ನಿಲ್ಲುತ್ತದೆ. ಆ ಅಳು ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಎತ್ತಬೇಕು, ಇನ್ನೊಬ್ಬರು ಜೊತೆಗೂಡಬೇಕು. ಈ ಮನೆಯಲ್ಲಿ ಈಗ ನಾನೊಬ್ಬಳೇ.

ಅದಕ್ಕೆ ಕೇಳುತ್ತಿದ್ದೇನೆ. ಅಮಾವಾಸ್ಯೆ ಕಳೆದ ಮೇಲೆ ನಿಮ್ಮವ್ವನನ್ನು ಕರೆದುಕೊಂಡು ಬಾ. ನನ್ನ ದುರುಗಿಗೆ ಯಾವ ಸೀರೆ ಉಡಿಸಿದಳು, ಅರಿಶಿನ ಹಚ್ಚಿದಳೇ, ಅವಳು ಬಾಯಿಬಿಟ್ಟು ಹೇಳಲಿ. ಆಮೇಲೆ ನಾವಿಬ್ಬರೂ ಕೂತು ಅಳುತ್ತೇವೆ, ಈ ಸಲ ದುರುಗಿಯ ಹೆಸರು ಹಿಡಿದು. ಸತ್ತು ಇಷ್ಟು ದಿನವಾದ ಮೇಲೆ ಇದೇನು ಅಂತ ಓಣಿಯವರು ಅಂದರೆ ನಾನು ನೋಡಿಕೊಳ್ಳುತ್ತೇನೆ. ನನ್ನ ನಾಲಿಗೆ ನಿನಗೆ ಗೊತ್ತಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ದುರುಗಿಯ ಅವ್ವ
ಪಾರಮ್ಮ

ತಾ.ಕ.: ನಿಮ್ಮವ್ವ ಬರಲೊಲ್ಲೆ ಅಂದರೆ ನೀನೊಬ್ಬಳೇ ಬಂದುಬಿಡಬೇಡ. ಬಂದರೆ ನಿನ್ನನ್ನು ವಾಪಸ್ಸು ಕಳಿಸುತ್ತೇನೆ ಅನ್ನುವ ನಂಬಿಕೆ ನನಗಿಲ್ಲ.