ಹುಣಸೂರಿನವರೆಗೆ ಬಂದ ಕಹಳೆಯವನು

ಹುಣಸೂರು ಛತ್ರ,
೧೪ನೇ ಜೂನ್ ೧೯೩೭

ಸೌಭಾಗ್ಯವತಿ ಪುಟ್ಟಮಲ್ಲಮ್ಮನಿಗೆ ನಿನ್ನ ಯಜಮಾನನ ಆಶೀರ್ವಾದ.

ಅರಮನೆ ಬ್ಯಾಂಡಿನ ಚಾಕರಿ ಬಿಟ್ಟೆ. ಮೂರು ದಿನದಿಂದ ಇಲ್ಲೇ ಇದ್ದೇನೆ. ನಮ್ಮ ಹನಗೋಡಿನ ಗಾಡಿಗಳು ಕಣ್ಣೆದುರೇ ಹೊರಡುತ್ತವೆ, ಹತ್ತಲು ಧೈರ್ಯವಿಲ್ಲ.

ನಮ್ಮ ಮಗಳು ವಿಮಲಳ ಮದುವೆಗೆ ರಜ ಸಿಗಲಿಲ್ಲವೆಂದು ಬರೆದಿದ್ದೆ. ಅದು ಸುಳ್ಳು. ರಜ ಕೊಟ್ಟಿದ್ದರು, ನಾನೇ ಬೇಡವೆಂದೆ. ಯಾಕೆಂದು ಹೇಳುತ್ತೇನೆ, ಕೇಳು.

ಬೊಹೀಮಿಯ ಎಂಬ ದೂರದೇಶದಲ್ಲಿ ನೂರೈವತ್ತು ವರ್ಷದ ಹಿಂದೆ ಒಬ್ಬ ತೋಟದಾಳಿನ ಮಗನಿದ್ದನಂತೆ. ಉಸಿರು ಗಟ್ಟಿಯೆಂದು ಅಲ್ಲಿಯ ದೊರೆ ಅವನಿಗೆ ಕಹಳೆ ಕಲಿಸಿದ. ಮೂವತ್ತು ವರ್ಷ ದೊರೆಯ ಊಟದ ಹೊತ್ತಿಗೆ ಊದಿದ. ನೂರಾರು ಕೃತಿ ಬರೆದ. ಊರಿಗೆ ಹೋಗುತ್ತೇನೆಂದರೆ ಬಿಡಲಿಲ್ಲ. ಆಮೇಲೆ ಬಂದ ಹೊಸ ದೊರೆಗೆ ಸಂಗೀತವೇ ಬೇಡವಾಯಿತು. ಮುದುಕನಾಗಿ ಊರಿಗೆ ಹೋದರೆ ಗುರುತು ಹಿಡಿಯುವವರೇ ಇರಲಿಲ್ಲ. ಇದನ್ನು ಹೇಳಿದವರು ನಮ್ಮ ಬ್ಯಾಂಡ್ ಮೇಷ್ಟ್ರು. ಅವನ ಕೃತಿಯೊಂದನ್ನು ಅತಿಥಿಗಳ ಔತಣದಲ್ಲಿ ನಾನೊಬ್ಬನೇ ಮುಂದೆ ನಿಂತು ಊದಬೇಕೆಂದರು. ಇಪ್ಪತ್ತಾರು ವರ್ಷವೂ ಹಿಂದಿನ ಸಾಲಿನಲ್ಲೇ ಕುಳಿತವನು ನಾನು, ಪುಟ್ಟಮಲ್ಲೀ. ಔತಣವೂ ಮದುವೆಯೂ ಒಂದೇ ಸಂಜೆ. ನಾನು ಔತಣವನ್ನು ಆರಿಸಿಕೊಂಡೆ.

ನನ್ನ ಬದಲು ನಿಮ್ಮಣ್ಣ ನಂಜಣ್ಣನವರು ಧಾರೆ ಎರೆದರಂತೆ. ಗಾಡಿಯ ಚಿಕ್ಕಮಾದು ನಿನ್ನೆ ಸಿಕ್ಕಿ ಹೇಳಿದ: "ಧಾರೆ ಮುಗಿಯೋಗಂಟ ಮಗಳು ಬಾಗ್ಲ ಕಡೇನೇ ನೋಡ್ತಿದ್ರು ಕಣ್ ಬುದ್ಧಿ. ಅಮ್ಮಾವ್ರು ಮಾತ್ರ ಒಂದ್ಸಲನೂ ತಿರುಗ್ನಿಲ್ಲ."

ಆ ಮಾತು ಕೇಳಿದ ಮೇಲೆ ಊಟ ಸೇರಿಲ್ಲ.

ಔತಣ ಚೆನ್ನಾಗಿಯೇ ನಡೆಯಿತು. ತುಂಬ ಹೊತ್ತು ಚಪ್ಪಾಳೆ ತಟ್ಟಿದರು. ಆಮೇಲೆ ಸಾಕೆನಿಸಿತು, ಬಿಟ್ಟೆ. ಮಲಗಿ ಎದ್ದರೂ ಹೋಗದ ಆಯಾಸ.

ಕ್ಷಮಿಸೆನ್ನಲು ನನಗೆ ಬಾಯಿಲ್ಲ. ಮನೆಗೆ ಬರಲೇ ಎಂದಷ್ಟೇ ಕೇಳುತ್ತೇನೆ. ಒಲ್ಲೆಯೆಂದರೆ ಕೊಪ್ಪದ ಕಡೆ ಹೋಗಿ ಏನಾದರೂ ನೋಡಿಕೊಳ್ಳುತ್ತೇನೆ. ನಿನ್ನ ಮೇಲೆ ಬೇಸರವಿಲ್ಲ. ಈ ಕಾಗದವನ್ನು ಯಾರಿಂದಲೂ ಓದಿಸಬೇಡ, ನೀನೇ ನಿಧಾನವಾಗಿ ಓದಿಕೋ. ಇದನ್ನು ತರುವ ಚಿಕ್ಕಮಾದು ನಾಳೆ ಇಲ್ಲಿಗೆ ಹಿಂದಿರುಗುತ್ತಾನೆ. ಅವನ ಬಾಯಲ್ಲಿ ಒಂದು ಮಾತು ಕಳಿಸು.

ಇಂತು,
ನೀಲಕಂಠಸ್ವಾಮಿ

ಮತ್ತೆ ಬರೆದದ್ದು: ಕಾಗದ ಮಡಿಸಿದವನು ಮತ್ತೆ ಬಿಚ್ಚಿದೆ. ಚಪ್ಪಾಳೆ ಬಿದ್ದದ್ದು ನನಗಲ್ಲ. ಅಂದು ಬೆಳಿಗ್ಗೆ ಅಭ್ಯಾಸದಲ್ಲೇ ಮುಂದಿನ ಹಲ್ಲು ಅಲುಗಿ, ತುಟಿ ನಿಲ್ಲದೆ ಬರೀ ಗಾಳಿ ಬಂತು. ಬೇರೆಯವನು ಊದಿದ, ನಾನು ಪಕ್ಕದಲ್ಲಿ ನಿಂತು ಅವನ ಸ್ವರದ ಹಾಳೆ ಮಗುಚಿದೆ. ಊದಲಾರದವನಿಗೆ ಚಾಕರಿ ಎಲ್ಲಿಯದು? ಅಂದು ಮಧ್ಯಾಹ್ನದ ಬಸ್ಸು ಹತ್ತಿದ್ದರೆ ಗೋಧೂಳಿ ಲಗ್ನಕ್ಕೆ ತಲುಪುತ್ತಿದ್ದೆ. ನಾಚಿಕೆಗೆ ಹತ್ತಲಿಲ್ಲ. ಇದನ್ನೂ ಓದಿದ ಮೇಲೆಯೇ ಉತ್ತರ ಹೇಳು.