ಹಳದಿ ಅಂಚಿನ ಕಟ್ಟು

ಕಮಲಾಪುರ
22-2-2025

ಗೆಳೆಯ ಸಲಾವುದ್ದೀನ್,

ನಮಸ್ಕಾರ, ಸಲಾಂ ಎರಡೂ. ಹಾಜಿರಾ ಭಾಬಿಯ ಮೊಣಕಾಲು ನೋವು ಈಗ ಹೇಗಿದೆ? ನಿನ್ನ ಪತ್ರ ಬಂದು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಕೈಗೆ ತಂಬಾಕಿನ ಅಂಟು, ಕಾಗದ ಹೊಲಸಾದೀತೆಂದು ಬಿಟ್ಟೆ. ಬೈಯಬೇಡ.

ಕೆಂಪು ಬಾಳೆ ತೆಗೆದ ಅರ್ಧ ಎಕರೆಯಲ್ಲಿ ಸಿಗರೇಟಿನ ತಂಬಾಕು ಹಾಕಿ ನೋಡುತ್ತೇನೆ ಎಂದಾಗ ನೀನು, “ಮೊದಲ ಸರಕಾರಿ ದಫ್ತರದಾಗ ಕೇಳೋ ಮಾರಾಯಾ” ಎಂದಿದ್ದೆ. ನಾನು ಕೇಳಲಿಲ್ಲ. ನಮ್ಮ ಮಣ್ಣಿಗೆ ಬರುತ್ತದೋ ಇಲ್ಲವೋ ಎಂಬುದೊಂದೇ ತಲೆಯಲ್ಲಿತ್ತು. ಬಂತಪ್ಪ, ಎದೆಯೆತ್ತರ ಬಂತು! ಯಾವ ಬೆಳೆಯಾದರೂ ಮೊದಲ ಕೊಯ್ಲನ್ನು ನಿನ್ನ ಭಾಬಿ ಬಂಡೆಮ್ಮ ತನ್ನ ಹಳೇ ಸೀರೆಯ ಅಂಚು ಹರಿದು ಕಟ್ಟಿ ಕಲಬುರಗಿ ಶಹಾಬಜಾರದ ನಿನ್ನ ಮನೆಗೇ ಕಳಿಸುವುದು ಮೂವತ್ತು ವರ್ಷದ ರೂಢಿ. ಈ ಸಲವೂ ಒಣಗಿದ ಎಲೆಗೆ ಹಳದಿ ಅಂಚು ಸುತ್ತಿ ಕಳಿಸಿದಳು. ಮುಟ್ಟಿತೆಂದು ನೀನೇ ಫೋನ್ ಮಾಡಿದ್ದೆ.

ಸೋಮವಾರ ಕಲಬುರಗಿಯಿಂದ ಸರಕಾರಿ ಜೀಪು ಬಂತು. ತೆರಿಗೆ ಕೇಳಲು ಬಂದಿದ್ದಾರೆಂದುಕೊಂಡು ನಾನು ದೊಡ್ಡ ಮನುಷ್ಯನ ಹಾಗೆ ಚಹಾ ಮಾಡಿಸಿದೆ. ಎಷ್ಟಾದರೂ ಕಟ್ಟುತ್ತೇನೆ, ರಸೀದಿ ಕೊಡಿ ಎಂದೆ. ಅಧಿಕಾರಿ ಕಪ್ಪು ಮುಟ್ಟಲಿಲ್ಲ.

“ತೆರಿಗಿ ಮಾತು ಆಮ್ಯಾಲ ರೀ. ಇದನ್ನ ಬೆಳಿಲಾಕ ಮೊದಲ ನೋಂದಣಿ ಆಗ್ಬೇಕು, ನಿಮ್ಮ ಕಡಿ ಅದು ಸಿಗೋದೇ ಇಲ್ಲ. ಎಂಟ್ ದಿನದಾಗ ಕಿತ್ತು ಸುಡ್ರಿ.”

ಪ್ರಯೋಗಕ್ಕೆಂದು ಹಾಕಿದ್ದು ಎಂದೆ. ಪ್ರಯೋಗಕ್ಕೂ ಅಪ್ಪಣೆ ಬೇಕಂತೆ. ನಿಂತ ನೆಲವೇ ಜಾರಿದ ಹಾಗಾಯಿತು ನನಗೆ. ನಿನ್ನೆ ಬಂಡೆಮ್ಮ, ನಾನು ಸೇರಿ ಒಂದೊಂದೇ ಗಿಡ ಕಿತ್ತೆವು.

ಮೊಮ್ಮಗಳು ಸಿದ್ರಾ ಪರೀಕ್ಷೆ ಚೆನ್ನಾಗಿ ಬರೆಯಲಿ, ನೂರು ಕಾಲ ಬಾಳಲಿ.

ನಿನ್ನ
ಗುಂಡಣ್ಣ

ತಾ.ಕ.: ಒಂದು ಮಾತು ಬರೆಯಬಾರದೆಂದಿದ್ದೆ, ಆಗುತ್ತಿಲ್ಲ. ಸಾಕ್ಷಿಯೆಂದು ಅಧಿಕಾರಿ ಕಟ್ಟೆಯ ಮೇಲೊಂದು ಎಲೆಯ ಕಟ್ಟು ಇಟ್ಟ. ಹಳದಿ ಅಂಚು, ಬಂಡೆಮ್ಮನದೇ ಗಂಟು. ಅಂಥದ್ದು ನಾವು ಕಳಿಸಿದ್ದು ಒಂದೇ. ನನ್ನ ಒಳ್ಳೆಯದಕ್ಕೇ ನೀನು ಅದನ್ನು ದಫ್ತರಕ್ಕೆ ವಿಚಾರಿಸಲು ಒಯ್ದಿರಬಹುದು. ಆದರೆ ಸಲಾವುದ್ದೀನ್, ಮೊದಲು ನನಗೊಂದು ಮಾತು ಹೇಳಬಾರದಿತ್ತೇ? ಬಂಡೆಮ್ಮ ಕಪ್ಪು ಎತ್ತಲು ಬರುವಷ್ಟರಲ್ಲಿ ಅದರ ಮೇಲೆ ನನ್ನ ಟವೆಲು ಹಾಕಿ ಮುಚ್ಚಿದೆ. ಅವಳಿಗೆ ಏನೂ ಗೊತ್ತಿಲ್ಲ. ರಂಜಾನಿಗೆ ನಿಮ್ಮ ಮನೆಗೆ ಕಳಿಸುವ ಬಾಳೆಗೊನೆಗೆ ಕಟ್ಟಲೆಂದು ಇವತ್ತು ಬೆಳಿಗ್ಗೆ ಕೂತು ಇನ್ನೊಂದು ಸೀರೆಯ ಅಂಚು ಹರಿದಿಟ್ಟಿದ್ದಾಳೆ.